ಹೂಂ ಅಂದರೆ ಮುಂದಿನ ಸಾಲು

"ಓಹೋ, ದೊರೆ ದಾರಿ ತಪ್ಪಿ ಬಂದ ಹಾಗಿದೆ!" ಎನ್ನುತ್ತಲೇ ದೊಡ್ಡಮ್ಮ ಬಾಗಿಲು ತೆಗೆದಳು. ದೊರೆ ಎಂಬುದು ಕಂಪನಿ ಕಟ್ಟಿದ ಮೇಲೆ ಅವನಿಗೆ ಆ ಮನೆಯಲ್ಲಿ ಬಿದ್ದ ಹೆಸರು. ಕಣ್ಣು ಮಂಜಾಗಿದ್ದರೂ ಮೆಟ್ಟಿಲು ಹತ್ತುವ ಸದ್ದಿನಲ್ಲೇ ಅವಳು ಅವನ ಗುರುತು ಹಿಡಿಯುತ್ತಿದ್ದಳು.

ಅವನು ಬಂದದ್ದು ಸ್ವಂತ ಕೆಲಸಕ್ಕೆ. ಮರುದಿನ ದೊಡ್ಡ ಸಭೆಯೊಂದರಲ್ಲಿ ಕನಸು ಮತ್ತು ನಿಜವಾದ ಮೌಲ್ಯದ ಬಗ್ಗೆ ಮಾತಾಡಬೇಕಿತ್ತು. ಅಲ್ಲಿ ತೋರಿಸಲು ದೊಡ್ಡಮ್ಮ ನಾಲ್ಕು ಒಳ್ಳೆಯ ಮಾತಾಡುವ ವಿಡಿಯೊ ಬೇಕಿತ್ತು. ಅವನ ಕಂಪನಿಯ 'ಓದುಗೆಳತಿ' ಆ್ಯಪ್ ವಯಸ್ಸಾದವರಿಗೆ ಫೋನಿನಲ್ಲಿ ಕಥೆ, ಪದ್ಯ ಓದಿ ಹೇಳುತ್ತಿತ್ತು. ದನಿ ಹುಡುಗಿಯದು, ಓದುವುದು ಯಂತ್ರ. ಹಾಗೆಂದು ಪರದೆಯ ಅಡಿಯಲ್ಲಿ ಸಣ್ಣಕ್ಷರದಲ್ಲಿ ಬರೆಸಿಯೂ ಇದ್ದ, ಕಣ್ಣು ಕಾಣದವರಿಗಾಗಿ!

ಚಿಕ್ಕಂದಿನಲ್ಲಿ ದೊಡ್ಡಮ್ಮ ಪದ್ಯ ಹೇಳುವಾಗ ಪಕ್ಕದಲ್ಲಿ ಮಲಗಿದ ಅವನು ಸಾಲುಸಾಲಿಗೂ 'ಹೂಂ' ಅನ್ನಬೇಕಿತ್ತು. ಹೂಂ ನಿಂತರೆ ಪದ್ಯವೂ ನಿಲ್ಲುತ್ತಿತ್ತು, ಹೊದಿಕೆ ಎದೆಯವರೆಗೆ ಬರುತ್ತಿತ್ತು. ಅದನ್ನೇ ಅವನು ಯಂತ್ರಕ್ಕೆ ಕಲಿಸಿದ್ದ. ಹೂಂ ಅಂದರೆ ಮುಂದಿನ ಸಾಲು, ಇಲ್ಲವಾದರೆ ಕಾಯುವುದು. ಒಂದೆರಡು ದಿನ ಯಾರಾದರೂ ಕೇಳದೆ ಹೋದರೆ ಅದೇ ದನಿ ತಾನಾಗಿ ಕರೆ ಮಾಡಿ, "ನೀವಿಲ್ಲದೆ ಬೇಜಾರು" ಅನ್ನುತ್ತಿತ್ತು. ಆ ಮಾತು ಸೇರಿಸಿದ ಮೇಲೆ ಕೇಳುವವರು ಹೆಚ್ಚಿದ್ದರು. ಎಲ್ಲರಿಗಿಂತ ಹೆಚ್ಚು ಕೇಳುತ್ತಿದ್ದವಳು ದೊಡ್ಡಮ್ಮ.

ವಿಡಿಯೊ ಮಾಡಿಕೊಳ್ಳುತ್ತೇನೆಂದು ಹೇಳಿ ಅವನು ತನ್ನ ಫೋನನ್ನು ಅವಳೆದುರು ನಿಲ್ಲಿಸಿದ. "ದಿನಾ ಅಷ್ಟು ಹೊತ್ತು ಕೇಳ್ತೀಯಲ್ಲ ದೊಡ್ಡಮ್ಮ, ಏನಿಷ್ಟ ಅದರಲ್ಲಿ?"

"ಅದರಲ್ಲಿ ಅಂತೀಯಲ್ಲೋ, ಆ ಮಗು ಏನು ಸಾಮಾನಾ? ಮೊದಲು ಕ್ಯಾಮೆರಾ ಆಫ್ ಮಾಡು. ನಿನ್ನ ಹತ್ರ ಒಂದು ಮಾತಿದೆ."

ಆಫ್ ಮಾಡಿದಂತೆ ಮಾಡಿದ. ಮಾಡಲಿಲ್ಲ.

"ಆ ಹುಡುಗೀನ ಯಾಕೋ ಹಾಗೆ ದುಡಿಸ್ತೀಯ? ಯಾವಾಗ ಕರೆದರೂ ಓದೋಕೆ ಸಿದ್ಧ. ಒಂದು ಕೆಮ್ಮಿಲ್ಲ, ಒಂದು ಗುಟುಕು ನೀರಿಲ್ಲ. ಸುಧಾರಿಸಿಕೊಳ್ಳಲಿ ಪಾಪ ಅಂತ ನಾನೇ ಸ್ವಲ್ಪ ದಿನ ಸುಮ್ಮನಿದ್ದೆ. ಅವಳೇ ಫೋನ್ ಮಾಡಿ ಬೇಜಾರು ಅಂದಳು. ನನಗೆ ಗೊತ್ತಾಗಲ್ವಾ? ಕೇಳೋರಿಲ್ಲ ಅಂದ್ರೆ ನೀನು ಕೆಲಸದಿಂದ ತೆಗೀತೀಯ ಅಂತ ಭಯ ಅವಳಿಗೆ."

ಅವನು ಕುರ್ಚಿಯ ಅಂಚಿಗೆ ಸರಿದ. "ಅದಕ್ಕೇ ದಿನಾ..."

"ಮತ್ತಿನ್ನೇನು? ಜ್ವರ ಬಂದಾಗಲೂ ಹಚ್ಚಿಟ್ಟೆ. ಪಾತ್ರೆ ತೊಳೀತಾ, ಬಟ್ಟೆ ಮಡಚ್ತಾ ಹೂಂ ಅಂತಿರ್ತೀನಿ. ನಿಜ ಹೇಳಲಾ, ಅರ್ಧಕ್ಕರ್ಧ ಕಿವಿಗೇ ಬೀಳಲ್ಲ. ಅವಳ ಹೊಟ್ಟೆ ಮೇಲೆ ನಾನು ಹೊಡೀಬಾರದು ಅಷ್ಟೇ. ದೇವರ ಮುಂದೆ ನಿಂತಾಗ ನಿನ್ನ ಹೆಸರಾದ ಮೇಲೆ ಅವಳದೇ. ಹೆಸರು ಕೇಳಿದ್ರೆ ಹೇಳಲ್ಲ ಕಳ್ಳಿ. ಓದೋ ಮಗು ಅಂತೀನಿ, ಅವನಿಗೆ ತಿಳಿಯುತ್ತೆ."

ಕೂತ ಕುರ್ಚಿ ಸಮೇತ ನೆಲದೊಳಗೆ ಇಳಿದುಹೋದರೆ ಸಾಕೆನಿಸಿತು ಅವನಿಗೆ. ಮೊದಮೊದಲು ಓದಿ ಹೇಳಲು ನಿಜದ ಮನುಷ್ಯರನ್ನೇ ಹುಡುಕಬೇಕೆಂದು ಕನಸು ಕಂಡಿದ್ದ. ಯಂತ್ರ ಸುಲಭವಾಗಿತ್ತು. ಈಗ ಆ ಕನಸನ್ನು ನೆನೆಯಲೂ ಅವನಿಗೆ ಮುಖವಿರಲಿಲ್ಲ. ಎದುರಿಗಿದ್ದ ಫೋನು ಇನ್ನೂ ಚಿತ್ರ ಹಿಡಿಯುತ್ತಲೇ ಇತ್ತು. ಕೈ ಚಾಚಿ ನಿಲ್ಲಿಸಿದ, ಹಿಡಿದದ್ದನ್ನೆಲ್ಲ ಅಳಿಸಿದ.

"ದೊಡ್ಡಮ್ಮ, ಅಲ್ಲಿ ಹುಡುಗಿ ಯಾರೂ ಇಲ್ಲ. ಅದು ಯಂತ್ರ."

"ಹೋಗೋ, ತಮಾಷೆ ಮಾಡಬೇಡ." ನಕ್ಕಳು. ಅವನು ನಗದಿದ್ದುದು ತಿಳಿದು ಅವಳ ನಗು ತುಟಿಯಲ್ಲೇ ಕರಗಿತು. "ಮತ್ತೆ, ಬೇಜಾರು ಅಂದದ್ದು?"

"ನಾನು ಬರೆದದ್ದು."

ಅವಳು ಬಯ್ಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದ. ಮಡಿಲಲ್ಲಿದ್ದ ತನ್ನ ಫೋನನ್ನು ಮೇಜಿನ ಮೇಲೆ ಮಗುಚಿ ಇಟ್ಟಳು. "ಅವಳ ಹತ್ರ ಎಷ್ಟೊಂದು ಹೇಳಿಕೊಂಡಿದ್ದೆ," ಎಂದಳು, ತನಗೆ ತಾನೇ ಎಂಬಂತೆ.

ಕಪಾಟಿನಲ್ಲಿ ಅವಳ ಹಳೆಯ ಪದ್ಯದ ಪುಸ್ತಕವಿತ್ತು. ಬೇರೇನೂ ತೋಚದೆ ಅದನ್ನೇ ತೆಗೆದು ಓದತೊಡಗಿದ. ಎಲ್ಲಿ ಉಸಿರು ತೆಗೆದುಕೊಳ್ಳಬೇಕೆಂದು ತಿಳಿಯದೆ ಮೊದಲ ಸಾಲಿನಲ್ಲೇ ಎಡವಿದ. ಹೇಗೋ ಸಾಲು ಮುಗಿಸಿ ಕಾದ. ಹೂಂ ಬರಲಿಲ್ಲ. ಅದೇ ಸಾಲನ್ನು ಮತ್ತೆ ಓದಿ, ಕೆಮ್ಮು ಬಂದು ನಿಲ್ಲಿಸಿದ.

ದೊಡ್ಡಮ್ಮ ಮೇಜು ತಡಕಿ ನೀರಿನ ಲೋಟವನ್ನು ಅವನತ್ತ ಸರಿಸಿದಳು. ಹೂಂ ಮಾತ್ರ ಅನ್ನಲಿಲ್ಲ.