ತಲೆಗಿಂತ ಮೇಲೆ

"ಕೈ ತಲೆಗಿಂತ ಮೇಲೆ ಹೋಗದಿದ್ರೆ ಅದು ಓಟೇ ಅಲ್ಲವಂತೆ. ಗೊತ್ತುಂಟಾ ನಿಮಗೆ, ಶ್ಯಾಮಣ್ಣ?"

ಅರಂತೋಡಿನ ರಸ್ತೆ ಬದಿಯ ತನ್ನ ಅಂಗಡಿಯಲ್ಲಿ ಬೆಲ್ಲದ ಅಚ್ಚು ಒಡೆಯುತ್ತ ಹೈದರ್ ಇಷ್ಟನ್ನು ಯಾವುದೋ ನೆಂಟರ ಸುದ್ದಿಯ ಹಾಗೆ ಹೇಳಿದ. ಬೀಡಿ ಹಚ್ಚಲು ಕಡ್ಡಿ ಗೀರಿದ ಶ್ಯಾಮ ಹಾಗೇ ನಿಂತ. ಅವನು ನೀರ್ಕಜೆಯ ಮಹೇಶ್ವರ ಧಣಿಗಳ ಗುಮಾಸ್ತ. ಈ ಸಲದ ಪಂಚಾಯತಿ ಚುನಾವಣೆಗೆ ಧಣಿಗಳು ನಿಲ್ಲಿಸಿದ ಮನುಷ್ಯನೂ ಅವನೇ.

"ಯಾರು ಹೇಳಿದ್ದು?"

"ಪುತ್ತೂರಿಂದ ಎಣಿಸಲಿಕ್ಕೆ ಬರುವ ಆಫೀಸರು. ಪ್ರೇಮನಾಥ ಅಂತ. ಹೋದ ವಾರ ಕಡಬದ ಹತ್ರ ಒಂದು ಊರಲ್ಲಿ ಕಿವಿಯ ಪಕ್ಕ ಹಿಡಿದ ಕೈಯನ್ನೆಲ್ಲ ಬಿಟ್ಟೇ ಬಿಟ್ಟರಂತೆ. 'ತಲೆ ತುರಿಸುದು ಯಾವುದು, ಓಟು ಹಾಕುದು ಯಾವುದು, ನನಗೆ ಹೇಗೆ ಗೊತ್ತಾಗುದು ಮಾರಾಯ್ರೆ' ಅಂತ ಕೇಳಿದರಂತೆ."

ಶ್ಯಾಮ ನಕ್ಕ. ನಗು ಅರ್ಧಕ್ಕೇ ನಿಂತಿತು. ಕಡ್ಡಿ ಬೆರಳು ಸುಟ್ಟಾಗ ಅದನ್ನು ಕೊಡವಿ, ಹಚ್ಚದ ಬೀಡಿಯನ್ನು ಕಿವಿಗೆ ಸಿಕ್ಕಿಸಿಕೊಂಡು ನೀರ್ಕಜೆಯ ದಾರಿ ಹಿಡಿದ.

ಅವನು ತಿರುವು ದಾಟಿದ ಮೇಲೆ ಅಕ್ಕಿ ಗೋಣಿಗಳ ಹಿಂದಿನಿಂದ ಕುಕ್ಕಪ್ಪ ಎದ್ದು ಬಂದ.

"ನೋಂಬಿನ ತಿಂಗಳಲ್ಲಿ ನನ್ನ ಬಾಯಿಂದ ಸುಳ್ಳು ಹೇಳಿಸಿದ್ಯಲ್ಲ," ಎಂದ ಹೈದರ್.

"ಒಂದಕ್ಷರ ಸುಳ್ಳಿಲ್ಲ. ಬೇಕಾದ್ರೆ ಕಡಬಕ್ಕೆ ಹೋಗಿ ಕೇಳು. ಸುಳ್ಳು ಸುದ್ದಿ ಮೂರು ಮೈಲು ನಡೆದು ಸುಸ್ತಾಗ್ತದೆ. ನಿಜವನ್ನೇ ಸರಿಯಾದ ಕಿವಿಗೆ ಹಾಕಬೇಕು."

"ನಿನ್ನನ್ನು ಮದರಾಸಿನವರು ಸುಮ್ಮನೆ ಸಾಕಿದ್ದಲ್ಲ ಹಾಗಾದ್ರೆ!"

ಸುಮ್ಮನೆ ಸಾಕಿರಲಿಲ್ಲ. ಒಕ್ಕಲಿನ ಮಗ ಕುಕ್ಕಪ್ಪ ಪುತ್ತೂರಿನಲ್ಲಿ ಓದಿ ಮದರಾಸು ಪೊಲೀಸಿನ ಗುಪ್ತಚರ ಶಾಖೆಯಲ್ಲಿ ಹತ್ತು ವರ್ಷಕ್ಕೂ ಮೇಲ್ಪಟ್ಟು ದುಡಿದವನು. ಸಭೆಗಳ ಹಿಂದಿನ ಸಾಲಿನಲ್ಲಿ ಕೂತು ಯಾರು ಮಾತಾಡಿದರು, ಯಾರು ಕೈ ಎತ್ತಿದರು ಎಂದು ಮೇಲಕ್ಕೆ ತಿಳಿಸುವುದು ಅವನ ಕೆಲಸ. ಜನರ ಉಸಿರಿನ ಸದ್ದಿನಲ್ಲೇ ಸಭೆ ಯಾವ ಕಡೆ ವಾಲುತ್ತದೆಂದು ಹೇಳಬಲ್ಲವನಾಗಿದ್ದ. ಎರಡು ವರ್ಷದ ಹಿಂದೆ ಕಾಸರಗೋಡಿನ ಕಡೆ ಗೇಣಿದಾರರು ಸಭೆ ಸೇರಿದ್ದರು. ಕೈ ಎತ್ತಿದವರ ಹೆಸರು ಬೇಕೆಂದು ಮೇಲಿನವರು ಕೇಳಿದಾಗ, "ಎಲ್ಲರೂ ಎತ್ತಿದರು. ನಾನೂ ಎತ್ತಿದೆ," ಎಂದು ಉತ್ತರ ಕೊಟ್ಟು, ಸಮವಸ್ತ್ರವನ್ನೇ ಕಾಣದ ಆ ಕೆಲಸಕ್ಕೆ ರಾಜೀನಾಮೆ ಬಿಸಾಕಿ ಊರಿಗೆ ಬಂದ. ಊರು ಮಾತ್ರ ಅವನನ್ನು ಈಗಲೂ ಸಿ.ಐ.ಡಿ. ಕುಕ್ಕಪ್ಪ ಎಂದೇ ಕರೆಯುತ್ತಿತ್ತು. ಅವನು ಗದ್ದೆಯ ಬದಿಯಲ್ಲಿ ನಡೆದು ಬಂದರೆ ಮಾತಾಡುತ್ತಿದ್ದವರು ಮಳೆಯ ಬಗ್ಗೆ ಮಾತು ತೆಗೆಯುತ್ತಿದ್ದರು.

ಆ ಕಾಲಕ್ಕೆ ಸಣ್ಣ ಪಂಚಾಯತಿಗಳ ಚುನಾವಣೆಗೆ ಚೀಟಿಯಿಲ್ಲ, ಪೆಟ್ಟಿಗೆಯಿಲ್ಲ. ಊರವರನ್ನು ಶಾಲೆಯ ಬಯಲಿನಲ್ಲಿ ಸೇರಿಸಿ ಹೆಸರು ಕರೆದರೆ, ಬೇಕಾದವರು ಕೈ ಎತ್ತಬೇಕು. ಧಣಿಗಳು ಕುರ್ಚಿ ಹಾಕಿಸಿಕೊಂಡು ಎದುರಿಗೇ ಕೂತಿರುತ್ತಾರೆ. ಅವರಿಗೆ ಬೇಡದವನಿಗೆ ಕೈ ಎತ್ತಿದವನ ಗದ್ದೆ ಮುಂದಿನ ಬೇಸಾಯಕ್ಕೆ ಇನ್ನೊಬ್ಬನದು. ಗೇಣಿಗೆ ಬಾಯಿಮಾತೇ ಆಧಾರವಾದ ಮೇಲೆ ಬಿಡಿಸಲೂ ಬಾಯಿಮಾತೇ ಸಾಕು. ಇದನ್ನು ಸರಕಾರ ಚುನಾವಣೆ ಎಂದು ಕರೆಯಿತು.

ಆದರೆ ನೀರ್ಕಜೆಯಲ್ಲಿ ಕೈ ಏಳದಿರಲು ಇನ್ನೊಂದು ಕಾರಣವಿತ್ತು. ಧಣಿಯ ಎದುರು ಬರುವಾಗ ಒಕ್ಕಲು ತಲೆಯ ಮುಟ್ಟಾಳೆಯನ್ನು, ಅಡಿಕೆ ಹಾಳೆಯ ಆ ಟೊಪ್ಪಿಯನ್ನು, ತೆಗೆದು ಎಡ ಕಂಕುಳಲ್ಲಿ ಒತ್ತಿ ಹಿಡಿಯಬೇಕು. ಬಲಗೈ ಬಾಯಿಗೆ ಅಡ್ಡ. ಬೆನ್ನು ಅರ್ಧ ಬಗ್ಗಬೇಕು. ಅಪ್ಪ ಹಾಗೆ ನಿಂತ, ಅಜ್ಜ ಹಾಗೆ ನಿಂತ; ಬಗ್ಗಿಸಿದ ಬೆನ್ನಿಗೆ ಊರು ಮರ್ಯಾದೆ ಎಂದು ಹೆಸರಿಟ್ಟಿತ್ತು. ಹಾಗೆ ನಿಂತ ಮನುಷ್ಯನಿಗೆ ಎತ್ತಲು ಕೈಯೇ ಇಲ್ಲ. ಹಿಂದಿನ ಚುನಾವಣೆಯಲ್ಲಿ ಧಣಿಗಳ ಕಡೆಯವನಿಗೂ ಯಾರ ಕೈಯೂ ಕಿವಿ ದಾಟಿರಲಿಲ್ಲ. ಎದುರಾಳಿ ಇರಲಿಲ್ಲವಾದ್ದರಿಂದ ನಡೆದುಹೋಯಿತು.

ಈ ಸಲ ಎದುರಾಳಿ ಇದ್ದ: ಕುಕ್ಕಪ್ಪ.

*

ಮೂರನೇ ದಿನ ಸಂಜೆ ಅಂಗಾರ ನಗುತ್ತ ಕುಕ್ಕಪ್ಪನ ಅಂಗಳಕ್ಕೆ ಬಂದ. ಅವನು ಧಣಿಗಳ ಒಕ್ಕಲು, ಹೊಳೆಬದಿಯ ಗದ್ದೆ ಮಾಡುವವನು. ಹಿಂದೆಯೇ ಅವನ ಹೆಂಡತಿ ತುಕ್ರು, ತಲೆಯ ಮೇಲೆ ಸೊಪ್ಪಿನ ಹೊರೆ.

"ಕುಕ್ಕಪ್ಪಣ್ಣ, ಧಣಿಗಳ ಅಂಗಳದಲ್ಲಿ ಈಗ ನಮಗೆ ಡ್ರಿಲ್ಲು! ದಿನಾ ಸಂಜೆ!" ಅಂಗಾರ ಹೊಟ್ಟೆ ಮುಂದೆ ತಂದು, ಎರಡೂ ಕೈ ಬೆನ್ನಿಗೆ ಕಟ್ಟಿ ಧಣಿಯಾದ. "'ಎತ್ತಿ ಕೈ!' ಅಂದ್ರು. ನಾವು ಹೀಗೆ ಹಿಡಿದೆವು, ಸೊಳ್ಳೆ ಓಡಿಸುವ ಹಾಗೆ. 'ಮೇಲೆ ಮಾರಾಯ್ರೆ, ಮೇಲೆ! ತಲೆಗಿಂತ ಮೇಲೆ!' ಅಂದ್ರು. ನಮ್ಮ ಬಟ್ಯ ಗಾಬರಿಯಲ್ಲಿ ಎಡಗೈಯನ್ನೇ ಎತ್ತಿದ. ಮುಟ್ಟಾಳೆ ಧೊಪ್ಪ ಅಂತ ಧಣಿಗಳ ಪಾದಕ್ಕೇ ಬಿತ್ತು! ಬಟ್ಯನ ಜೀವ ಹೋಯ್ತು. ಧಣಿಗಳು ಎಂತ ಹೇಳಿದ್ದು ಗೊತ್ತುಂಟಾ? 'ಕಂಕುಳಲ್ಲಿ ಅದೆಂತದು, ಮೊಟ್ಟೆಗೆ ಕಾವು ಕೊಡುದಾ? ತಲೆಗೆ ಇಡಿ ಅದನ್ನು! ಬೆನ್ನು ನೆಟ್ಟಗೆ ಮಾಡಿ!'"

"ಇಟ್ಟಿರಾ?"

"'ಧಣಿಗಳ ಎದುರಾ?' ಅಂತ ಕೇಳಿದೆ. 'ನಾನೇ ಹೇಳುದಲ್ಲವಾ ಮೂರ್ಖ!' ಅಂದ್ರು. ಇಟ್ಟೆವು." ಅಂಗಾರನ ನಗು ಮೆಲ್ಲಗೆ ಇಳಿಯಿತು. "ಮುಟ್ಟಾಳೆ ತಲೆಯಲ್ಲಿಟ್ಟು, ನೆಟ್ಟಗೆ ನಿಂತು ಅವರನ್ನು ನೋಡಿದ್ದು ಇದೇ ಮೊದಲು. ನನಗಿಂತ ಗಿಡ್ಡ ಉಂಟು ಆ ಜನ."

ಹೊರೆ ಇಳಿಸದೆ ನಿಂತಿದ್ದ ತುಕ್ರು ಕುಕ್ಕಪ್ಪನನ್ನೇ ನೋಡುತ್ತಿದ್ದಳು.

"ಈಗ ಕೈ ಏಳ್ತದೆ, ಸರಿ," ಎಂದಳು. "ಆದ್ರೆ ಅದು ಧಣಿಗಳು ಹೇಳಿದ್ದಕ್ಕೆ ಏಳುದು. ನಿಮಗೆ ಎಂತ ಲಾಭ? ಇದು ನೀವೇ ಕಟ್ಟಿದ ಆಟ ಅಂತ ಹೈದರಿಚ್ಚ ಹೇಳಿದ್ರು. ಆಟ ನಿಮ್ಮ ಕುತ್ತಿಗೆಗೇ ಬಂದ್ರೆ?"

"ಬರಲೂಬಹುದು."

"ಎಣಿಸುದು ಆಫೀಸರು. ನೀವೂ ಎಣಿಸ್ತೀರಲ್ಲ? ನಿಮಗೆ ಅಭ್ಯಾಸ. ಯಾರು ಎತ್ತಿದ್ದು, ಯಾರು ಎತ್ತದ್ದು, ಒಬ್ಬೊಬ್ಬರ ಮುಖ ನೆನಪಿಡ್ತೀರಿ. ಆ ಕಡೆ ಧಣಿ ನೋಡುದು, ಈ ಕಡೆ ಸಿ.ಐ.ಡಿ. ನೋಡುದು. ನಡುವೆ ನಾವು ಎಂತ, ಸಂತೆಯ ಕೋಳಿಗಳಾ?"

"ತುಕ್ರೂ," ಎಂದು ಅಂಗಾರ ಗದರಿದ.

"ಇರಲಿ, ಹೇಳಲಿ," ಎಂದ ಕುಕ್ಕಪ್ಪ. ಆ ಮಾತು ಅವನಿಗೆ ತಾಗಿದ್ದು ಮುಖದಲ್ಲೇ ಕಂಡಿತು. "ನಾನು ಎಂತ ಮಾಡಬೇಕು?"

"ಬೆನ್ನು ಹಾಕಿ ನಿಲ್ಲಿ. ಒಬ್ಬರಾದರೂ ನಮ್ಮನ್ನು ನೋಡದೆ ನಂಬಿ."

*

ಮೇ ತಿಂಗಳ ಬಿಸಿಲು. ಶಾಲೆಯ ಬಯಲಿನಲ್ಲಿ ಊರಿಗೆ ಊರೇ ಕೂತಿತ್ತು. ಮಹೇಶ್ವರ ಧಣಿಗಳ ಕುರ್ಚಿ ಮಾವಿನ ನೆರಳಿನಲ್ಲಿತ್ತು. ಆಫೀಸರ್ ಪ್ರೇಮನಾಥ ಮೇಜಿನ ಹಿಂದೆ ನಿಂತು ನಿಯಮ ಹೇಳಿದ: ಎದ್ದು ನಿಲ್ಲಬೇಕು, ಒಬ್ಬರಿಗೆ ಒಂದೇ ಸಲ, ಕೈ ತಲೆಗಿಂತ ಮೇಲೆ.

"ಮೊದಲು ಕುಕ್ಕಪ್ಪನವರ ಹೆಸರು."

"ಅದು ಹೇಗೆ?" ಶ್ಯಾಮ ಮುಂದೆ ಬಂದ. "ಧಣಿಗಳ ಕಡೆಯದ್ದು ಮೊದಲು ಕರೀಬೇಕಲ್ಲ?"

"ಅಕ್ಷರಮಾಲೆಯಲ್ಲಿ ಕ ಮೊದಲು ಬರ್ತದೆ. ಅದನ್ನು ನಾನು ಬರೆದದ್ದಲ್ಲ," ಎಂದ ಪ್ರೇಮನಾಥ.

ಕುಕ್ಕಪ್ಪ ಜನರಿಗೆ ಬೆನ್ನು ಹಾಕಿ ಶಾಲೆಯ ಗೋಡೆಯ ಕಡೆ ತಿರುಗಿ ನಿಂತ. ಬಯಲಿನಲ್ಲಿ ಗುಜುಗುಜು ಎದ್ದಿತು. ಗೆಲ್ಲಬೇಕಾದವನು ಸೋಲುವವನ ಹಾಗೆ ಗೋಡೆ ನೋಡುವುದನ್ನು ಯಾರೂ ಕಂಡಿರಲಿಲ್ಲ. ತುಕ್ರು ಮಾತ್ರ ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದು ನಿಂತಳು.

"ಕುಕ್ಕಪ್ಪನವರ ಪರ ಇರುವವರು, ಕೈ ಎತ್ತಿ!"

ಕುಕ್ಕಪ್ಪನಿಗೆ ಸುಣ್ಣ ಬಳಿದ ಗೋಡೆಯಷ್ಟೇ ಕಾಣುತ್ತಿತ್ತು. ಕಿವಿ ಬಯಲಿನಲ್ಲಿತ್ತು. ಮೊದಲು ಏನೂ ಇಲ್ಲ. ಆಮೇಲೆ ಬಟ್ಟೆಗಳ ಸರಬರ ಸದ್ದು, ದೊಡ್ಡ ಹಕ್ಕಿಹಿಂಡು ಒಟ್ಟಿಗೆ ರೆಕ್ಕೆ ಬಿಚ್ಚಿದ ಹಾಗೆ. ಕೈಗಳು ಎದ್ದಿವೆಯೆಂದು ಅವನಿಗೆ ತಿಳಿಯಿತು. ಯಾಕೆ ಎದ್ದಿವೆಯೆಂದು ತಿಳಿಯಲಿಲ್ಲ. 'ಎತ್ತಿ' ಎಂದೊಡನೆ ಎತ್ತುವ ಡ್ರಿಲ್ಲಿನ ಅಭ್ಯಾಸಕ್ಕೇ ಎದ್ದಿರಬಹುದು. ಅಂಥ ಕೈ ಬೇಕಾಗಿರಲಿಲ್ಲ ಅವನಿಗೆ. ಅಂಥ ಕೈಯಿಂದ ಗೆದ್ದರೆ ಧಣಿಯ ಕುರ್ಚಿಯಲ್ಲಿ ಇನ್ನೊಬ್ಬ ಕೂತ ಹಾಗೆ, ಅಷ್ಟೆ.

ಕುರ್ಚಿ ಹಿಂದಕ್ಕೆ ಸರಿದ ಸದ್ದು. "ಇದು ತಪ್ಪಿ ಎತ್ತಿದ್ದು!" ಧಣಿಗಳ ದನಿ ಬಿರಿದಿತ್ತು. "ಇವಕ್ಕೆ ಹೆಸರು ಗೊತ್ತಾಗಲಿಲ್ಲ. ಎತ್ತಿ ಅಂದ ಕೂಡಲೇ ಎತ್ತಬೇಕು ಅಂತ ನಾನು ಕಲಿಸಿದ್ದು..."

"ಕಲಿಸಿದ್ದಾ?" ಎಂದ ಪ್ರೇಮನಾಥ. "ನೀವಾ?"

ಹಿಂದೆ ಎಲ್ಲೋ ಹೈದರ್ ಕೆಮ್ಮಿದ. ಕೆಮ್ಮಿನೊಳಗೆ ನಗು ಇತ್ತು. ಆಫೀಸರ್ ದನಿ ಏರಿಸಿದ. "ಕೇಳಿ ಎಲ್ಲರೂ. ಇದು ಕುಕ್ಕಪ್ಪನವರಿಗೆ ಹಾಕುವ ಓಟು. ಶ್ಯಾಮನಿಗಲ್ಲ. ತಪ್ಪಿ ಎತ್ತಿದವರು ಈಗ ಇಳಿಸಿ."

ಕೈ ಇಳಿದು ತೊಡೆಗೆ ಬಡಿಯುವ ಸದ್ದು ಕುಕ್ಕಪ್ಪನಿಗೆ ಚೆನ್ನಾಗಿ ಗೊತ್ತಿತ್ತು. ಎಡಗಡೆಯಲ್ಲಿ ಅಂಥದೊಂದು ಕೇಳಿತು. ಇನ್ನೊಂದು. ತಿರುಗಿ ನೋಡಬೇಕೆಂದು ಕುತ್ತಿಗೆಯ ನರವೆಲ್ಲ ಎಳೆಯಿತು. ಗೋಡೆಗೆ ಅಂಗೈ ಒತ್ತಿ ನಿಂತ.

"ತಪ್ಪಿ ಅಲ್ಲ, ಸ್ವಾಮಿ." ಅಂಗಾರನ ದನಿ.

"ಅಂಗಾರಾ! ಬರುವ ಮಳೆಗಾಲಕ್ಕೆ ಗದ್ದೆ ಬೇಡವಾ ನಿನಗೆ?"

"ಬೇಕು ಧಣಿಗಳೇ. ಗದ್ದೆ ಬೇಕು ಅಂತಲೇ ಎತ್ತಿದ್ದು."

"ಮುಟ್ಟಾಳೆ ತೆಗೆದು ಮಾತಾಡು!"

"ತಲೆಗೆ ಇಡ್ಲಿಕ್ಕೆ ನೀವೇ ಹೇಳಿದ್ದಲ್ಲವಾ?"

ನಗು ಮೂಲೆಯೊಂದರಲ್ಲಿ ಹುಟ್ಟಿ ಬಯಲನ್ನೆಲ್ಲ ಹಿಡಿಯಿತು. ಕುಕ್ಕಪ್ಪ ತನ್ನ ಆಯುಷ್ಯದಲ್ಲಿ ಎಷ್ಟೋ ಸಭೆಗಳನ್ನು ಕೇಳಿದ್ದ. ಬೇಡುವ ಸಭೆ, ಕೂಗುವ ಸಭೆ, ಲಾಠಿ ಬಿದ್ದಾಗ ಚೆದುರಿದ ಸಭೆ. ಧಣಿಯ ಮುಖಕ್ಕೇ ನಗುವ ಸಭೆಯನ್ನು ಕೇಳಿರಲಿಲ್ಲ. ಆ ನಗುವಿನ ಕೆಳಗೆ ಅವನು ಇನ್ನೂ ಕಿವಿಗೊಟ್ಟಿದ್ದ. ತೊಡೆಗೆ ಬಡಿಯುವ ಸದ್ದು ಮತ್ತೆ ಕೇಳಲಿಲ್ಲ. ಇಳಿದಿದ್ದ ಕೈಗಳೂ ಮತ್ತೆ ಎದ್ದುವೇನೋ. ಎಡಗಡೆ ಯಾವುದೋ ತೋಳಿನ ಬಟ್ಟೆ ಸರಿಯಿತು.

ಧಣಿಗಳ ಚಪ್ಪಲಿ ಮಾವಿನ ತರಗೆಲೆ ತುಳಿಯುತ್ತ ಗೇಟಿನ ಕಡೆಗೆ ಹೋಯಿತು. ಹಿಂದೆಯೇ ಶ್ಯಾಮನ ಓಟದ ಹೆಜ್ಜೆ.

ಆಫೀಸರ್ ಸಾಲಿನ ನಡುವೆ ನಡೆದು ಎಣಿಸಿದ. ತಪ್ಪಿತೆಂದು ಮತ್ತೊಮ್ಮೆ ಎಣಿಸಿದ. ಮುಂದೆ ತಾಲೂಕು ಬೋರ್ಡಿನಲ್ಲಿ, ಅದಕ್ಕಿಂತ ದೊಡ್ಡ ಸಭೆಗಳಲ್ಲಿ, ಕುಕ್ಕಪ್ಪನಿಗಾಗಿ ಬೇಕಾದಷ್ಟು ಕೈಗಳು ಎದ್ದವು. ಹಾರ ಬಿದ್ದವು, ಜೈಕಾರವಾಯಿತು. ಗುಪ್ತಚರನಾಗಿದ್ದವನೆಂದು ವಿರೋಧಿಗಳು ಹಂಗಿಸಿದಾಗ, "ಹೌದು, ನಿಮ್ಮೆಲ್ಲರಿಗಿಂತ ಹೆಚ್ಚು ಜನರ ಮಾತು ಕೇಳಿಸಿಕೊಂಡವನು ನಾನು," ಎಂದು ಎದೆ ಸೆಟೆದು ಹೇಳುವಷ್ಟು ಗಟ್ಟಿಯಾದ. ಆ ದಿನ ಮಾತ್ರ ಅವನು ಗೋಡೆಯ ಸುಣ್ಣದಲ್ಲಿ ಎದ್ದ ಒಂದು ಬಿರುಕನ್ನು ನೋಡುತ್ತ, ಎಣಿಸಲು ಹೊರಟ ಮನಸ್ಸನ್ನು ಹಿಡಿದು ಹಿಡಿದು ಹಿಂದಕ್ಕೆಳೆಯುತ್ತ ನಿಂತಿದ್ದ.

"ಅರ್ಧಕ್ಕಿಂತ ಎಷ್ಟೋ ಮೇಲೆ ಹೋಯ್ತು," ಎಂದ ಪ್ರೇಮನಾಥ, ಹಣೆಯ ಬೆವರು ಒರೆಸುತ್ತ. "ಇನ್ನೊಂದು ಹೆಸರು ಕರೆಯುವ ಶಾಸ್ತ್ರ ಮಾತ್ರ ಬಾಕಿ. ಕೈ ಇಳಿಸಿ ಅಂತ ಆಗಿನಿಂದ ಹೇಳ್ತಾ ಇದ್ದೇನೆ, ಇವರು ಇಳಿಸುದಿಲ್ಲ ಮಾರಾಯ್ರೆ. ನೀವೇ ಹೇಳಿ ನೋಡುವಾ."

ಕುಕ್ಕಪ್ಪ ತಿರುಗಿದ.

ಮುಂದಿನ ಸಾಲಿನಲ್ಲಿ ತುಕ್ರು ನಿಂತಿದ್ದಳು. ಸೋತ ಬಲಗೈಯ ಮೊಣಕೈಯನ್ನು ಎಡ ಅಂಗೈಯಿಂದ ಕೆಳಗಿನಿಂದ ಆನಿಸಿ ಹಿಡಿದಿದ್ದಳು. ಗಾಜಿನ ಬಳೆಗಳೆಲ್ಲ ಜಾರಿ ಆ ಅಂಗೈಯ ಹತ್ತಿರ ಒಟ್ಟಾಗಿದ್ದವು. ತಲೆಯನ್ನು ಹಿಂದಕ್ಕೆ ವಾಲಿಸಿ, ಬಿಸಿಲಿಗೆ ಕಣ್ಣು ಕಿರಿದು ಮಾಡಿ, ಅಷ್ಟು ಎತ್ತರದಲ್ಲಿದ್ದ ತನ್ನದೇ ಬೆರಳುಗಳನ್ನು ಅವಳು ನೋಡುತ್ತಿದ್ದಳು.