ದಿನದ ವಾಕ್ಯ

ಶಿಕಾರಿಪುರದ ಆ ಪ್ರೌಢಶಾಲೆಯಲ್ಲಿ ಮೂರು ಬಣ್ಣದ ಸೀಮೆಸುಣ್ಣ ಹಿಡಿದು ಇಂಗ್ಲಿಷ್ ಕಲಿಸುತ್ತಿದ್ದವಳು ಶ್ರೀಲತಾ ಒಬ್ಬಳೇ. ಅಂಡ್, ಬಟ್, ಬಿಕಾಸ್ ಎಂದು ಮಾತಿಗೆ ಮಾತು ಜೋಡಿಸುವ ಪದಗಳಿಗೆ ಹಳದಿ. ಹಿ, ಶಿ, ದೆ ಎಂದು ಹೆಸರಿನ ಜಾಗದಲ್ಲಿ ಬಂದು ಕೂರುವ ಪದಗಳಿಗೆ ನೀಲಿ. ಮೈ, ಹರ್, ಅವರ್, ದೇರ್ ಎಂದು ಯಾವುದು ಯಾರದ್ದೆಂದು ಹೇಳುವ ಪದಗಳಿಗೆ ಕೆಂಪು. ಮೂರೂ ಬಣ್ಣ ಒಂದೇ ವಾಕ್ಯದಲ್ಲಿ ಬಿದ್ದರೆ ಮಾತ್ರ ಅದು ತುಂಬಿದ ವಾಕ್ಯ ಎನ್ನುತ್ತಿದ್ದಳು. ಮಕ್ಕಳು ಬಣ್ಣದ ಆಸೆಗಾದರೂ ಬರೆಯುತ್ತಿದ್ದರು.

ಒಂಬತ್ತನೇ ತರಗತಿಗೆ ಅವಳದೇ ಒಂದು ಪದ್ಧತಿ ಇತ್ತು. ಪ್ರತಿಯೊಬ್ಬರೂ ಪಕ್ಕದಲ್ಲಿ ಕೂತವರ ಮೇಲೆ ಒಂದು ವಾಕ್ಯ ಬರೆಯಬೇಕು. ಒಳ್ಳೆಯದನ್ನು ಆರಿಸಿ ಮರುದಿನ ಪ್ರಾರ್ಥನೆಯ ಹೊತ್ತಿಗೆ ಜಗಲಿಯ ಹಲಗೆಯ ಮೇಲೆ ಬರೆಸುತ್ತಿದ್ದಳು. ಬರೆದವರು ಸುಮ್ಮನೆ ನಿಲ್ಲಬೇಕು. ವಾಕ್ಯದಲ್ಲಿ ಯಾರ ಹೆಸರಿದೆಯೋ ಅವರೇ ಮುಂದೆ ಬಂದು ಮೈಕಿನಲ್ಲಿ ಓದಬೇಕು. ತಮ್ಮ ಹೆಸರನ್ನು ತಾವೇ ಇಂಗ್ಲಿಷಿನಲ್ಲಿ ಕೇಳಿಸಿಕೊಂಡರೆ ಮಕ್ಕಳ ಅಂಜಿಕೆ ಹೋಗುತ್ತದೆ ಎಂದು ಅವಳ ಲೆಕ್ಕ. ತರಬೇತಿಗೆ ಹೋದಾಗ ಇದನ್ನು ಹೇಳಿ ಚಪ್ಪಾಳೆ ಗಿಟ್ಟಿಸಿಕೊಂಡೂ ಬಂದಿದ್ದಳು.

ಆ ಶುಕ್ರವಾರ ಆರಿಸಿದ್ದು ಸಂಗೀತಳ ವಾಕ್ಯ. ಸಂಗೀತಳ ಪಕ್ಕದಲ್ಲಿ ಕೂರುವವಳು ಫಿರ್ದೋಸ್. ಇಬ್ಬರೂ ಒಂದೇ ಡಬ್ಬಿಗೆ ಕೈಹಾಕಿ ಉಣ್ಣುವವರು.

"ಫಿರ್ದೋಸ್ ಅಂಡ್ ಹರ್ ಫಾದರ್ ಹ್ಯಾವ್ ದೇರ್ ಶಾಪ್ ಇನ್ ಅವರ್ ಸ್ಟ್ರೀಟ್, ಬಟ್ ಇಟ್ ಈಸ್ ಅವರ್ಸ್ ಅಂಡ್ ನಾಟ್ ದೇರ್ಸ್."

ಫಿರ್ದೋಸ್ ಮತ್ತು ಅವಳಪ್ಪನ ಅಂಗಡಿ ನಮ್ಮ ಬೀದಿಯಲ್ಲಿದೆ, ಆದರೆ ಬೀದಿ ನಮ್ಮದು, ಅವರದಲ್ಲ.

ಮೂರೂ ಬಣ್ಣ ಬಂದಿದ್ದವು. ಕೊನೆಯ ಪದಕ್ಕೆ ಒಂದು ಎಸ್ ಬಿಟ್ಟುಹೋಗಿತ್ತು. ಶ್ರೀಲತಾ ಕೆಂಪು ಶಾಯಿಯಲ್ಲಿ ಆ ಎಸ್ ಸೇರಿಸಿದಳು, ರೈಟ್ ಹಾಕಿದಳು, ವೆರಿ ಗುಡ್ ಎಂದು ಬರೆದು ಮುಂದಿನ ಪುಸ್ತಕ ತೆಗೆದಳು. ಐವತ್ತೆಂಟು ಪುಸ್ತಕ ಊಟದ ಗಂಟೆಗೆ ಮುಂಚೆ ಮುಗಿಯಬೇಕಿತ್ತು ಎಂದು ಆಮೇಲೆ ಎಷ್ಟೋ ಸಲ ತನಗೆ ತಾನೇ ಹೇಳಿಕೊಂಡಳು. ಐವತ್ತೆಂಟರಲ್ಲಿ ಇದೊಂದನ್ನೇ ಆರಿಸಿದ್ದೂ ಅವಳೇ ಎಂಬುದು ಆ ಸಬೂಬಿನೊಳಗೆ ಹಿಡಿಸುತ್ತಿರಲಿಲ್ಲ.

ಶನಿವಾರ ಬೆಳಿಗ್ಗೆ ಫಿರ್ದೋಸ್ ಮೈಕಿನ ಮುಂದೆ ನಿಂತಳು. 'ಬಟ್' ತನಕ ದನಿ ಚೆನ್ನಾಗಿತ್ತು. ಅಲ್ಲಿಂದ ಮುಂದೆ ಇಳಿಯಿತು.

"ಗಟ್ಟಿಯಾಗಿ ಓದಮ್ಮ" ಎಂದಳು ಶ್ರೀಲತಾ. "ಕೊನೇ ಸಾಲಿನವರಿಗೂ ಕೇಳ್ಬೇಕು. ಮೊದಲಿಂದ."

ಹುಡುಗಿ ಮೊದಲಿನಿಂದ ಓದಿದಳು. ಗಟ್ಟಿಯಾಗಿ, ಕೊನೆಯ ಎಸ್ ಸಮೇತ. ಮುನ್ನೂರು ಮಕ್ಕಳು ಚಪ್ಪಾಳೆ ತಟ್ಟಿದರು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಶ್ರೀಲತಾ ಕಣ್ಣುಬಿಟ್ಟು ಗದರಿಸಿದಳು. ಶಿಸ್ತಿನ ವಿಷಯದಲ್ಲಿ ಅವಳು ಬಲು ಕಟ್ಟುನಿಟ್ಟು.

ಸೋಮವಾರ ಫಿರ್ದೋಸ್ ಬರಲಿಲ್ಲ. ಆ ವಾರವಿಡೀ ಬರಲಿಲ್ಲ. ಮುಂದಿನ ಸೋಮವಾರ ಅವಳಪ್ಪ ಶಾನವಾಜ್ ಬಂದ. ಬೀಗ, ಕೊಡೆ, ಚೀಲದ ಜಿಪ್ಪು ರಿಪೇರಿ ಮಾಡುವವನು. ಶಾಲೆಯ ಬೀರುಗಳ ಬೀಗವನ್ನೂ ಅವನೇ ನೋಡುತ್ತಿದ್ದ.

"ಮೇಡಂ, ಮಗಳದು ಟಿಸಿ ಬೇಕಿತ್ರಿ."

"ವರ್ಷದ ನಡುವೆ ಟಿಸಿ ಯಾಕ್ರೀ?"

"ಏನಿಲ್ರಿ. ಸೊರಬದಾಗ ಅವರ ಅಜ್ಜಿ ಇದಾರೆ. ಅಲ್ಲೇ ಓದ್ಲಿ ಅಂತ."

"ಅವಳು ನಮ್ಮ ಕ್ಲಾಸಿಗೆ ಫಸ್ಟ್ ರೀ. ಏನಾಯ್ತು ಹೇಳ್ರಿ."

ಶಾನವಾಜ್ ಎರಡು ಸಲ ಬಾಗಿಲ ಕಡೆ ನೋಡಿದ. ಆಮೇಲೆ ಫೋನ್ ತೆಗೆದು ಮೇಜಿನ ಮೇಲೆ ಮೆಲ್ಲಗೆ ಅವಳ ಕಡೆ ಸರಿಸಿದ. ಬೀದಿಯವರ ವಾಟ್ಸಾಪ್ ಗುಂಪು. ಜಗಲಿಯ ಹಲಗೆಯ ಫೋಟೋ. ಕೆಳಗೆ ಒಬ್ಬ ಬರೆದಿದ್ದ: ನಾವು ಹೇಳಿದ್ರೆ ತಪ್ಪು, ಈಗ ಸಾಲಿಯಾಗೇ ಕಲಿಸ್ತಾರ. ಇನ್ನೊಬ್ಬ: ಅವರ ಮಗಳ ಬಾಯಿಂದಾನೇ ಹೇಳ್ಸ್ಯಾರ, ಟೀಚರಮ್ಮನಿಗೊಂದು ಶಾಲು. ಅದರ ಕೆಳಗೆ ನಗುವ ಮುಖಗಳ ಸಾಲು.

ಶ್ರೀಲತಾ ಆ ವಾಕ್ಯವನ್ನು ಮೊದಲ ಸಲ ಓದಿದ್ದು ಆಗ. ಹಳದಿ, ನೀಲಿ, ಕೆಂಪು ಉದುರಿಹೋಗಿ ಬರೀ ಅರ್ಥ ಉಳಿಯಿತು. ಕಿವಿ ಕಾದವು. ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ.

"ನಾನು... ವ್ಯಾಕರಣ ಅಷ್ಟೇ ನೋಡಿದೆ ಕಣ್ರೀ."

"ಹೌದ್ರಿ ಮೇಡಂ. ನಿಮ್ಮ ಕೆಲಸ ಅದೇ ಅಲ್ವೇನ್ರಿ" ಎಂದ ಶಾನವಾಜ್. ಅದರಲ್ಲಿ ಕುಟುಕು ಇರಲಿಲ್ಲ. ಇದ್ದಿದ್ದರೆ ಅವಳಿಗೆ ಸ್ವಲ್ಪ ಹಗುರಾಗುತ್ತಿತ್ತು.

ಹೆಡ್‌ಮಾಸ್ಟರ್ ಪರಮಶಿವಪ್ಪ ಟಿಸಿಯನ್ನು ಆಗಲೇ ತುಂಬಿಸಿಟ್ಟಿದ್ದರು. ಶಾಲೆ ಬಿಡಲು ಕಾರಣ: ಪೋಷಕರ ಕೋರಿಕೆ.

"ಸರ್, ಒಂದಿನ ತಡೀರಿ. ನಾನೇ ಸೊರಬಕ್ಕೆ ಹೋಗಿ ಹುಡುಗಿ ಹತ್ರ ಮಾತಾಡ್ತೀನಿ. ವಾಪಸ್ ಬರ್ತಾಳೆ."

"ಹೋಗ್ರಿ, ಬ್ಯಾಡ ಅನ್ನಂಗಿಲ್ಲ. ಹಂಗೇ ಟಿಸಿನೂ ಚೀಲಕ್ಕೆ ಹಾಕ್ಕೊಳ್ರಿ. ಆದ್ರೆ ಇಲ್ಲಿ ಕೆದಕಬ್ಯಾಡ್ರಿ ಮತ್ತೆ. ಶಾಲಾ ಸಮಿತಿ ಅಧ್ಯಕ್ಷರು ಆನಂದಪ್ಪನೋರು ಅದೇ ಬೀದಿಯವ್ರು. ಹಲಗೆ ಒರೆಸಿದ್ದಾತು, ಕತೆ ಮುಗೀತು."

ಒರೆಸಿದರೆ ಮುಗಿಯುವ ಕತೆ ಎಂದರೆ ಅದು ಒರೆಸುವವರ ಕತೆ ಮಾತ್ರ.

ಮರುದಿನ ರಜೆ ಹಾಕಿ ಬಸ್ಸು ಹತ್ತಿದಳು. ಸೊರಬದ ಹಳೇ ಬಸ್‌ಸ್ಟ್ಯಾಂಡಿನ ಹಿಂದೆ, ಫಿರ್ದೋಸಳ ಅಜ್ಜಿ, ಹಾಸಿಗೆ ಹೊಲಿಯುವ ಕುಬ್ರಾ ಬೀ ಮನೆ ಎಂದರೆ ಯಾರಾದರೂ ತೋರಿಸುತ್ತಿದ್ದರು. ಮುದುಕಿ ಹತ್ತಿಯ ಗುಡ್ಡೆಯ ನಡುವೆ ಕೂತಿತ್ತು. ಉದ್ದನೆಯ ಸೂಜಿಯನ್ನು ಹಾಸಿಗೆಗೆ ಸಿಕ್ಕಿಸಿಟ್ಟು ಎದ್ದು ಕುರ್ಚಿ ಒರೆಸಿತು.

"ಬನ್ನಿ ಟೀಚರಮ್ಮ. ಹುಡುಗಿಗಾಗಿ ಇಷ್ಟ್ ದೂರ ಬಂದ್ರಾ. ಫಿರ್ದೋಸ್, ಚಾ ಇಡೇ. ನಿಮ್ ಬಗ್ಗೆನೇ ಯಾವಾಗ್ಲೂ ಹೇಳ್ತಿತ್ತು ಇದು. ಮೂರ್ ಬಣ್ಣದ ಮೇಡಂ, ಮೂರ್ ಬಣ್ಣದ ಮೇಡಂ ಅಂತ."

ಮುದುಕಿಗೆ ನಡೆದದ್ದು ಗೊತ್ತಿಲ್ಲ ಎಂಬುದು ಶ್ರೀಲತಾಗೆ ಹೊಳೆಯಿತು. ಹುಡುಗಿ ಹೇಳಿರಲಿಲ್ಲ. ಟೀಚರ ಮಾನ ಉಳಿಸಿದ್ದಳು.

ಕುಬ್ರಾ ಬೀ ಹಾಲಿಗೆಂದು ಅಂಗಡಿಗೆ ಹೋದಾಗ ಇಬ್ಬರೇ ಉಳಿದರು. ಶ್ರೀಲತಾ ಕುರ್ಚಿಯನ್ನು ಹುಡುಗಿಯ ಹತ್ತಿರ ಎಳೆದುಕೊಂಡಳು.

"ಫಿರ್ದೋಸ್, ತಪ್ಪಾಯ್ತಮ್ಮ. ವಾಪಸ್ ಬಾ. ಸಂಗೀತಂಗೆ ನಾನು ಬುದ್ಧಿ ಹೇಳ್ತೀನಿ."

"ಅವಳಿಗೆ ಬೈಬೇಡಿ ಮೇಡಂ. ಅವಳು ಮನೇಲಿ ಕೇಳಿದ್ದು ಬರೆದಳು." ಹುಡುಗಿ ಹತ್ತಿಯ ಎಳೆಯೊಂದನ್ನು ಬೆರಳಿಗೆ ಸುತ್ತುತ್ತಿದ್ದಳು. "ನಾನು ಮೆಲ್ಲಗೆ ಓದಿದ್ದೆ. ನೀವೇ ಗಟ್ಟಿಯಾಗಿ ಓದು ಅಂದ್ರಿ."

ಶ್ರೀಲತಾ ಚೀಲದ ಜಿಪ್ಪು ಎಳೆದು ಮುಚ್ಚಿದಳು.

"ಬರ್ತೀನಿ ಮೇಡಂ" ಎಂದಳು ಫಿರ್ದೋಸ್. "ನೀವು ಅದು ತಪ್ಪು ಅಂತ ಹೇಳ್ತೀರಾ? ಪ್ರಾರ್ಥನೆ ಹೊತ್ತಲ್ಲಿ, ಮೈಕಲ್ಲಿ?"

ಒಂದು ಹೂಂ ಸಾಕಿತ್ತು. ಆದರೆ ಹೂಂ ಎನ್ನುವ ಮುಂಚೆ ಶ್ರೀಲತಾಳ ಕಣ್ಣ ಮುಂದೆ ಆನಂದಪ್ಪ ಬಂದು ನಿಂತ. ಆ ಗುಂಪು ಬಂತು. ತನ್ನ ಫೋಟೋ ಅದರೊಳಗೆ ಹೇಗೆ ಬರಬಹುದು, ಕೆಳಗೆ ಯಾರು ಏನು ಬರೆಯಬಹುದು ಎಂಬುದೂ ಬಂತು. ಇನ್ನೂ ಬರದ ಫೋಟೋಗೆ ಅವಳು ಹೆದರಿದಳು, ಆಗಲೇ ಬಂದ ಫೋಟೋದಲ್ಲಿ ಹೆಸರಿದ್ದ ಹುಡುಗಿಯ ಎದುರಿಗೇ ಕೂತು.

"ಮೊದಲು ಹೆಡ್‌ಮಾಸ್ಟರ್ ಹತ್ರ ಮಾತಾಡ್ತೀನಿ ಅಮ್ಮ. ನೋಡೋಣ" ಎಂದಳು.

ಪಾಠ ಅರ್ಥವಾದಾಗ ತರಗತಿಯಲ್ಲಿ ತಲೆಯಾಡಿಸುತ್ತಿದ್ದಂತೆಯೇ ಫಿರ್ದೋಸ್ ತಲೆಯಾಡಿಸಿದಳು. "ಟಿಸಿ ತಂದಿದೀರಾ ಮೇಡಂ?"

ತಂದಿದ್ದಳು. ಕೊಟ್ಟಳು. ಚಹಾ ಕುಡಿದಳು. ಕುಬ್ರಾ ಬೀ ಬೇಡವೆಂದರೂ ಬಸ್ಸಿನ ತನಕ ಬಂದು, ಕಿಟಕಿ ಪಕ್ಕದ ಸೀಟು ಹಿಡಿದುಕೊಟ್ಟು, "ನಿಮ್ಮಂಥ ಟೀಚರು ಇಲ್ಲೂ ಸಿಗ್ಲಿ ಅಂತ ಬೇಡ್ಕೋತೀನಿ" ಎಂದಿತು. ಶಿರಾಳಕೊಪ್ಪ ದಾಟುವ ತನಕ ಶ್ರೀಲತಾ ಸೆರಗನ್ನು ಬಾಯಿಗೆ ಒತ್ತಿಕೊಂಡೇ ಕೂತಿದ್ದಳು.

ಬುಧವಾರ ಬೆಳಿಗ್ಗೆ ಹಲಗೆ ಖಾಲಿ ಇತ್ತು. ಹಾಡು ಮುಗಿಯಿತು, ದಿನಪತ್ರಿಕೆಯ ಸುದ್ದಿ ಓದಿದ್ದಾಯಿತು. ಶ್ರೀಲತಾ ಹೋಗಿ ಮೈಕು ಹಿಡಿದಳು. ಇನ್ನು ಫಿರ್ದೋಸ್ ವಾಪಸ್ ಬರುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಟಿಸಿ ಇಂದೋ ನಾಳೆಯೋ ಸೊರಬದ ಯಾವುದೋ ಶಾಲೆಯ ಕಡತ ಸೇರಲಿತ್ತು.

"ಹೋದ ವಾರಕ್ಕೆ ಮುಂಚಿನ ಶನಿವಾರ ಇಲ್ಲಿ ಒಂದು ವಾಕ್ಯ ಓದಿಸಿದೆ" ಎಂದಳು. ಕನ್ನಡದಲ್ಲೇ ಹೇಳಿದಳು. ದನಿ ಒಡೆದಿತ್ತು. "ಅದರಲ್ಲಿ ಒಂದಕ್ಷರ ತಿದ್ದಿ ರೈಟ್ ಹಾಕಿದೆ. ಅದು ತಪ್ಪು. ಇಡೀ ವಾಕ್ಯ ತಪ್ಪು. ಆ ಬೀದಿ ಫಿರ್ದೋಸ್‌ದೂ ಹೌದು. ಈ ಶಾಲೆನೂ ಅವಳದ್ದಾಗಿತ್ತು. ಅವಳು ಹೋಗಿದ್ದಕ್ಕೆ ಕಾರಣ ಅವಳಪ್ಪನ ಕೋರಿಕೆ ಅಲ್ಲ. ನಾನು. ನಾನೇ ಅವಳ ಕೈಲಿ..."

ಪರಮಶಿವಪ್ಪ ಸರಸರ ಬಂದರು. ಮಕ್ಕಳ ಕಡೆ ತಿರುಗಿ, "ರಾಷ್ಟ್ರಗೀತೆ. ಸಾವಧಾನ್" ಎಂದರು.

ಮುನ್ನೂರು ಮಕ್ಕಳ ಹಿಮ್ಮಡಿಗಳು ಒಟ್ಟಿಗೆ ಕೂಡಿದವು. ಅಭ್ಯಾಸಬಲದಿಂದ ಶ್ರೀಲತಾಳ ಹಿಮ್ಮಡಿಗಳೂ ಕೂಡಿದವು. ಬಾಯಿ ತಾನಾಗಿ ಮುಚ್ಚಿತು. ಗೀತೆ ಹಾಡಿಸಿ ಬಾಯಿ ಮುಚ್ಚಿಸುವುದನ್ನೂ ಈ ಶಾಲೆ ಕಲಿತಿತ್ತಲ್ಲ ಎನಿಸಿ ಕಣ್ಣು ಉರಿಯಿತು. ಒಂಬತ್ತನೇ ತರಗತಿಯ ಸಾಲಿನಲ್ಲಿ ಸಂಗೀತ ಕೆಳಗೆ ನೋಡುತ್ತ ನಿಂತಿದ್ದಳು, ತುಟಿ ಆಡುತ್ತಿರಲಿಲ್ಲ.

ಗೀತೆ ಮುಗಿಯಿತು. ಡ್ರಮ್ಮು ಬಡಿಯಿತು. ಸಾಲುಗಳು ಒಂದೊಂದಾಗಿ ತರಗತಿಗಳ ಕಡೆ ಕದಲಿದವು.

"ಮೈಕ್ ಆಫ್ ಮಾಡ್ರಿ ಮೇಡಂ" ಎಂದರು ಪರಮಶಿವಪ್ಪ, ತಗ್ಗಿದ ದನಿಯಲ್ಲಿ. "ನಿಮ್ ಒಳ್ಳೇದಕ್ಕೇ ಹೇಳ್ತಿದೀನಿ."

ಅವಳು ಮೈಕು ಬಿಡಲಿಲ್ಲ. ಹೊರಟು ಹೋಗುತ್ತಿದ್ದ ಬೆನ್ನುಗಳಿಗೆ, ಮೊದಲಿನಿಂದ ಹೇಳಲು ಶುರುಮಾಡಿದಳು.