ಹುಲಿಮನೆಯ ಗೆರೆಗಳು

ಹುಲಿ-ಕುರಿ ಆಟದಲ್ಲಿ ಹುಲಿಯನ್ನು ಮೂಲೆಗೆ ಕಟ್ಟಿಹಾಕುವ ಒಂದು ನಡೆ ಇಡೀ ಅಳವಂಡಿ ಊರಿನಲ್ಲಿ ಯಂಕವ್ವನೊಬ್ಬಳಿಗೇ ಗೊತ್ತಿತ್ತು. ಸೋದರಳಿಯ ತಿರುಮಲೇಶ ಹವ್ಯಾಸಕ್ಕೆಂದು ಆ ಆಟವನ್ನು ಕಂಪ್ಯೂಟರಿನಲ್ಲಿ ಕಟ್ಟಲು ಹೊರಟಿದ್ದ.

"ಕುಂದ್ರು, ಆ ನಡಿ ಹೇಳ್ತೀನಿ, ಬರಕೋ" ಎಂದಿದ್ದಳು.

"ಮೊದ್ಲು ಸೆಟಪ್ ಆಗ್ಲಿ ತಡಿ ಅತ್ತಿ."

"ಅದೆಂಥಾ ಸೆಟಪ್ಪೋ ಅಳಿಯಾ! ಇಷ್ಟ್ರಾಗ ನನ್ನ ಹುಲಿ ಮರಿ ಹಾಕಿರ್ತಿತ್ತು."

ಸೆಟಪ್ ಮೂರು ತಿಂಗಳಾದರೂ ಆಗಲೇ ಇಲ್ಲ. ಗಂಗಾವತಿಯ ಇಂಟರ್‌ನೆಟ್ ಅಂಗಡಿಯಿಂದ ಆಟ ಕಟ್ಟಲು ಬೇಕಾದ ಒಂದು ಫೈಲು ಪೆನ್‌ಡ್ರೈವಿನಲ್ಲಿ ತಂದರೆ, ಕಂಪ್ಯೂಟರು ಇನ್ನೊಂದು ಇಲ್ಲವೆನ್ನುತ್ತಿತ್ತು. ಅದನ್ನೂ ತಂದರೆ ಮೊದಲಿನದು ಕೆಡುತ್ತಿತ್ತು. ಅತ್ತೆ ಎಷ್ಟು ಸಲ ಕರೆದರೂ ಅವನದು ಒಂದೇ ಮಾತು, ತಡಿ.

ಕೊನೆಗೊಂದು ಬೆಳಿಗ್ಗೆ ಪರದೆಯ ಮೇಲೆ ಹುಲಿಮನೆಯ ಗೆರೆಗಳು ಮೂಡಿದವು. ಅಷ್ಟರಲ್ಲಿ ಯಂಕವ್ವನಿಗೆ ಲಕ್ವ ಹೊಡೆದು, ಮಾತು ನಿಂತು ಎಂಟು ದಿನವಾಗಿತ್ತು.

ಅವನು ಲ್ಯಾಪ್‌ಟಾಪನ್ನು ಅವಳ ಹಾಸಿಗೆಯ ಬಳಿ ಒಯ್ದ. "ಆತು ಅತ್ತಿ. ಈಗ ಹೇಳು."

ಅವಳು ಬಹಳ ಹೊತ್ತು ನೋಡಿದಳು. ಎಡಗೈಯ ಬೆರಳನ್ನು ಒಂದು ಗೆರೆಯ ಮೇಲಿಟ್ಟು, ಮುಂದಿನ ಮನೆಯವರೆಗೆ ಎಳೆದಳು. ಅಲ್ಲವೆಂಬಂತೆ ತಲೆಯಾಡಿಸಿ ಮೊದಲಿನಿಂದ ಎಳೆದಳು. ಮತ್ತೆ ಅದೇ ಮನೆಯಲ್ಲಿ ಬೆರಳು ನಿಂತಿತು.

ತಿರುಮಲೇಶ ಖಾಲಿ ಹಾಳೆಯ ಮೇಲೆ ಪೆನ್ನು ಹಿಡಿದು ಕಾಯುತ್ತಲೇ ಇದ್ದ.